ಬೆಲ್ಟ್ ಬಿಚ್ಚಿದ ಮೆಷಿನ್ನು

ಆ ಬೀದಿಯಲ್ಲಿ ಯಾರಾದರೂ ಒಂದೇ ತೋಳಿನ ಅಂಗಿ ಹಿಡಿದುಕೊಂಡು ಗೊಣಗುತ್ತ ಹೋಗುತ್ತಿದ್ದರೆ, ಅದನ್ನು ಹೊಲಿದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಹೊಲಿಗೆ ಅತ್ತೆಯ ಕೆಲಸವೇ ಹಾಗೆ. ಅಂಗಿಗೆ ಎಡತೋಳು ಕೂಡಿಸಿ ಬಲತೋಳಿಗೆ ಕೈ ಹಾಕುವಷ್ಟರಲ್ಲಿ ಕಿಟಕಿಯಾಚೆ ಏನೋ ಕಂಡಿರುತ್ತದೆ. ಏನೋ ಎಂದರೆ ದೊಡ್ಡದೇನೂ ಆಗಬೇಕಿಲ್ಲ, ಎದುರುಮನೆಯವರು ಹೊಸ ಬಕೆಟ್ ತಂದಿದ್ದರೂ ಸಾಕು. ಅದನ್ನು ನೋಡಿ ಬರಲು ಎದ್ದವಳು ಅಲ್ಲೇ ನಿಂತು ಬಕೆಟ್ಟಿನ ಹಿಡಿ ಗಟ್ಟಿಯಿದೆಯೋ ಇಲ್ಲವೋ ಎಂದು ಎಳೆದು ಪರೀಕ್ಷಿಸಿ, ಪಕ್ಕದವರ ಮಗುವಿನ ಹಲ್ಲು ಎಣಿಸಿ, ವಾಪಸ್ ಬಂದು ಬೇರೆ ಯಾರದೋ ಲಂಗ ಹಿಡಿದು ಕೂರುತ್ತಿದ್ದಳು. ಬಲತೋಳು ಮೇಜಿನ ಕೆಳಗೆ ಬಿದ್ದು ಬೆಕ್ಕಿನ ಹಾಸಿಗೆಯಾಗುತ್ತಿತ್ತು.

ಇಷ್ಟಾದರೂ ಜನ ಅವಳ ಅಂಗಡಿಗೇ ಬರುತ್ತಿದ್ದರು. ಅವಳು ಮುಗಿಸಿದ ಹೊಲಿಗೆ ಹರಿದಿದ್ದನ್ನು ಕಂಡವರಿಲ್ಲ. ಮುಗಿಸುವುದನ್ನು ಕಂಡವರೂ ಕಡಿಮೆಯೇ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಎರಡು ಹೊಲಿಗೆ ಮೆಷಿನ್ನುಗಳು, ಒಂದು ಹೊಸದು, ಒಂದು ಹಳೆಯದು. ಗೋಡೆಗೆ ಇಸ್ತ್ರಿ ಮೇಜು. ಮೂಲೆಯಲ್ಲಿ ಬಟ್ಟೆ ಹಾಕಿ ನೋಡಲು ಒಂದು ಪರದೆ. ಆ ಪರದೆಯನ್ನು ಅತ್ತೆಯೇ ಹೊಲಿದದ್ದು, ಆದ್ದರಿಂದ ಅದು ಮೊಣಕಾಲಿನವರೆಗೆ ಮಾತ್ರ ಇತ್ತು. ಒಳಗೆ ನಿಂತವರ ಕಾಲು ನೋಡಿಯೇ ಯಾರೆಂದು ಬೀದಿಯವರು ಗುರುತು ಹಿಡಿಯುತ್ತಿದ್ದರು.

ಬೀದಿಗೆಲ್ಲ ಅವಳು ಅತ್ತೆ. ನಿಜವಾಗಿ ಅತ್ತೆಯಾಗಿದ್ದುದು ಒಬ್ಬಳಿಗೆ, ತಮ್ಮನ ಮಗಳಿಗೆ. ತಮ್ಮ, ತಮ್ಮನ ಹೆಂಡತಿ ಇಬ್ಬರೂ ಬೇಕರಿಯಲ್ಲಿ ದುಡಿಯುವವರು, ಮನೆಗೆ ಬರುವಾಗ ಸಂಜೆಯಾಗುತ್ತಿತ್ತು. ಅಲ್ಲಿಯವರೆಗೆ ಹುಡುಗಿ ಶಾಲೆಯಿಂದ ಸೀದಾ ಅಂಗಡಿಗೆ ಬರುತ್ತಿದ್ದಳು. ಏಳನೇ ಕ್ಲಾಸು. ಎಲ್ಲರೂ ಅವಳನ್ನು ಬುಗುರಿ ಎನ್ನುತ್ತಿದ್ದರು. ಬಂದ ಕೂಡಲೇ ಗುಂಡಿ ಡಬ್ಬಿ ಬೋರಲು, ಅಳತೆ ಟೇಪು ಬೆಕ್ಕಿನ ಕುತ್ತಿಗೆಗೆ, ಸೀಮೆಸುಣ್ಣ ಕನ್ನಡಿಯ ಮೇಲೆ. ಬೈದರೆ ಕಿಸಕ್ಕನೆ ನಗುತ್ತಿದ್ದಳು. ಅತ್ತೆಗೂ ಬೈಯುವುದು ಪೂರ್ತಿ ಮುಗಿಸುವ ಅಭ್ಯಾಸವಿರಲಿಲ್ಲ. ನಡುವೆ ಅವಳಿಗೂ ನಗು ಬಂದುಬಿಡುತ್ತಿತ್ತು.

ಶಾಲೆಯಲ್ಲಿ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಲೆಕ್ಕದ ನಡುವೆ ಎದ್ದು ಫ್ಯಾನಿನ ರೆಕ್ಕೆಯ ಮೇಲೆ ಧೂಳು ಹೇಗೆ ಕೂರುತ್ತದೆಂದು ಕೇಳುತ್ತಾಳೆ. ಮೊದಲು ಅವಳನ್ನು ಮುಂದಿನ ಬೆಂಚಿಗೆ ಹಾಕಿದರು, ಆಮೇಲೆ ಹಿಂದಿನ ಬೆಂಚಿಗೆ, ಆಮೇಲೆ ಬಾಗಿಲ ಪಕ್ಕಕ್ಕೆ, ಕೊನೆಗೆ ಬಾಗಿಲ ಹೊರಗೆ. ಹೊರಗಿನ ಗೋಡೆಗೆ ಒರಗಿ ನಿಂತು ನಿಂತು ಸುಣ್ಣದ ಮೇಲೆ ಅವಳ ಬೆನ್ನಿನ ಅಚ್ಚು ಬಿದ್ದಿತ್ತು.

ಆ ವರ್ಷ ಬುಗುರಿ ನಿಧಾನವಾಗಿ ತಿರುಗುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಉಗುರೆಲ್ಲ ಕಚ್ಚಿ ಕಚ್ಚಿ ಕೆಂಪು. ಅಂಗಡಿಗೆ ಬಂದರೆ ಗುಂಡಿ ಡಬ್ಬಿಯ ಕಡೆ ತಿರುಗಿ ಸಹ ನೋಡದೆ ಪರದೆಯ ಹಿಂದೆ ಹೋಗಿ ಕೂರುತ್ತಿದ್ದಳು. ಒಂದು ದಿನ ಪರದೆಯ ಕೆಳಗೆ ಆ ಎರಡು ಸಣ್ಣ ಕಾಲು ಅಲುಗಾಡದೆ ಇರುವುದನ್ನು ಕಂಡು ಅತ್ತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಆ ಕಾಲು ಹುಟ್ಟಿದಾಗಿನಿಂದ ಸುಮ್ಮನಿದ್ದದ್ದನ್ನು ಅವಳು ನೋಡಿರಲಿಲ್ಲ.

"ಏನೇ, ಯಾಕೆ ಹೀಗೆ ಕೂತಿದೀಯ?" ಎಂದು ಪರದೆ ಸರಿಸಿದಳು.

"ಅತ್ತೆ, ನನ್ನ ತಲೇಲಿ ಏನೋ ಕೆಟ್ಟೋಗಿದೆ. ಅದು ರಿಪೇರಿ ಆಗಲ್ಲ."

"ಯಾರು ಹಾಗಂದಿದ್ದು? ಹೆಸರು ಹೇಳು, ಅವರ ಪ್ಯಾಂಟಿಗೆ ಜೇಬೇ ಇಡಲ್ಲ."

ಬುಗುರಿ ನಗಲಿಲ್ಲ. "ಯಾರಾದ್ರೂ ಹೇಳ್ಬೇಕಾ? ನಂಗೇ ಗೊತ್ತು. ವರ್ಷದ ಪರೀಕ್ಷೇಲಿ ಪೂರ್ತಿ ಕೂತು ಬರೀದಿದ್ರೆ ಮತ್ತೆ ಇದೇ ಕ್ಲಾಸಂತೆ. ಹಾಗಾದ್ರೆ ನಾನು ಶಾಲೆಗೇ ಹೋಗಲ್ಲ. ನಿನ್ನ ಜೊತೇನೇ ಹೊಲ್ಕೊಂಡಿರ್ತೀನಿ."

ಬೇರೆ ಯಾವ ದರ್ಜಿಯಾದರೂ ಈ ಮಾತಿಗೆ ಹಿಗ್ಗುತ್ತಿದ್ದರು. ಅತ್ತೆ ಹಿಗ್ಗಲಿಲ್ಲ, ಏಕೆಂದರೆ ಅವಳು ಹೊಲಿಗೆಗೆ ಬಂದದ್ದೂ ಹಾಗೆಯೇ.

ಆ ಕಥೆಯನ್ನು ಅವಳು ಗಿರಾಕಿಗಳಿಗೆ ಅಳತೆ ತೆಗೆಯುವಾಗ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಳು. ಬುಗುರಿಯ ವಯಸ್ಸೇ ಅವಳಿಗೂ ಆಗ. ಪರೀಕ್ಷೆಯ ನಡುವೆ ಪೆನ್ಸಿಲು ಚೂಪು ಮಾಡಲು ಎದ್ದಳು. ಕಸದ ಬುಟ್ಟಿ ಬಾಗಿಲ ಪಕ್ಕ ಇತ್ತು, ಬಾಗಿಲು ತೆರೆದಿತ್ತು, ಬಾಗಿಲಾಚೆ ಒಂದು ನಾಯಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುತ್ತಿತ್ತು. ನಾಯಿಯ ಹಿಂದೆ ಗೇಟಿನವರೆಗೆ, ಗೇಟಿನಿಂದ ಬೀದಿಗೆ, ಬೀದಿಯ ಕೊನೆಯಲ್ಲಿ ಒಬ್ಬ ಮುದುಕ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದ ಅಂಗಡಿಗೆ. ಚಕ್ರ ತಿರುಗುವುದನ್ನು ನೋಡುತ್ತ ನಿಂತಳು. ಮುದುಕ "ತುಳೀತೀಯಾ?" ಎಂದ. ಕೂತಳು. ಬದುಕಿನಲ್ಲಿ ಮೊದಲ ಸಲ ಕೂತಲ್ಲಿ ಕೂತಳು. "ಆ ಪೆನ್ಸಿಲು ಇನ್ನೂ ಚೂಪಾಗಿಲ್ಲ ನೋಡಿ" ಎಂದು ಅತ್ತೆ ಮುಗಿಸಿದರೆ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅಳತೆ ತಪ್ಪುತ್ತಿತ್ತು.

ಅವಳು ಹೇಳದೆ ಬಿಡುತ್ತಿದ್ದ ತುಂಡೊಂದಿತ್ತು. ಆ ದಿನ ಸಂಜೆಯವರೆಗೂ ಅವಳು ಅಂಗಡಿಯ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಯಾರಾದರೂ ಬಂದು ಕಿವಿ ಹಿಂಡಿ ಕರೆದುಕೊಂಡು ಹೋಗುತ್ತಾರೆ ಎಂದು ಕಾದಳು. ಯಾರೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ಪೀಡೆ ತೊಲಗಿತೆಂದು ಶಾಲೆ ಉಸಿರು ಬಿಟ್ಟಿರಬೇಕು.

ಹೀಗಾಗಿ ಬುಗುರಿಗೆ ಏನು ಹೇಳಬೇಕೆಂದು ತಿಳಿಯದೆ ಅತ್ತೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು. ಹುಡುಗಿಯನ್ನು ಹಳೆಯ ಮೆಷಿನ್ನಿನ ಮುಂದೆ ಕೂರಿಸಿದಳು. ಚಕ್ರಕ್ಕೆ ಸೂಜಿಯನ್ನು ಜೋಡಿಸುವ ಚರ್ಮದ ಬೆಲ್ಟನ್ನು ಬಿಚ್ಚಿ ಮೊಳೆಗೆ ನೇತುಹಾಕಿದಳು, ಬೆರಳಿಗೆ ಸೂಜಿ ಚುಚ್ಚಬಾರದೆಂದು. ಈಗ ಎಷ್ಟು ತುಳಿದರೂ ಕೆಳಗಿನ ಚಕ್ರ ಮಾತ್ರ ತಿರುಗುತ್ತದೆ, ಸೂಜಿ ಅಲುಗುವುದಿಲ್ಲ. ಬುಗುರಿ ಬೇಸರದಿಂದ ತುಳಿದಳು. ಹಳೆಯ ಮೆಷಿನ್ನು ಕಿರ್ರ್ ಎಂದಿತು. ಮತ್ತೆ ತುಳಿದಳು, ಮತ್ತೆ ಕಿರ್ರ್. ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ಪಾಠದ ಪುಸ್ತಕ ತೆಗೆದು ಮೆಷಿನ್ನಿನ ಹಲಗೆಯ ಮೇಲೆ ಇಟ್ಟುಕೊಂಡಳು. ಕಿರ್ರ್ ಎಂದಾಗ ಒಂದು ಸಾಲು, ಕಿರ್ರ್ ಎಂದಾಗ ಇನ್ನೊಂದು ಸಾಲು. ಅತ್ತೆ ಕತ್ತರಿ ಹಿಡಿದ ಕೈ ಹಾಗೇ ಬಿಟ್ಟು ನೋಡಿದಳು. ಹುಡುಗಿ ಒಂದು ಪುಟ ಮುಗಿಸಿ ಹಾಳೆ ಮಗುಚಿದಳು.

ಅತ್ತೆಯ ಕಾಲು ಆಮೇಲೆ ನೆಲದ ಮೇಲೆ ನಿಲ್ಲಲಿಲ್ಲ. ಬೀದಿಯುದ್ದಕ್ಕೂ ಡಂಗುರ ಹೊಡೆದಳು. "ಬನ್ನಿ, ಬನ್ನಿ, ನಮ್ಮ ಹುಡುಗಿ ಓದೋದು ನೋಡಿ!" ಎಂದು ಇಸ್ತ್ರಿಗೆ ಬಂದವರನ್ನೂ ಗುಂಡಿ ಹಾಕಿಸಲು ಬಂದವರನ್ನೂ ಹಿಡಿದು ನಿಲ್ಲಿಸಿದಳು. ಬಂದವರು ಬಾಯಿ ಬಿಟ್ಟುಕೊಂಡು ನೋಡಿದರು, ಒಬ್ಬರು ಚಪ್ಪಾಳೆ ಕೂಡ ತಟ್ಟಿದರು. ಬುಗುರಿ ತಲೆ ಎತ್ತಲಿಲ್ಲ. ಅವಳ ಕಿವಿ ಕೆಂಪಾದದ್ದು ಖುಷಿಗೆ ಎಂದುಕೊಂಡಳು ಅತ್ತೆ. ಅಷ್ಟು ಹತ್ತಿರದಿಂದ ನೋಡಿಯೂ ಅಷ್ಟು ತಪ್ಪಾಗಿ ತಿಳಿಯಲು ಒಂದು ಪ್ರತಿಭೆ ಬೇಕು.

ಎಡವಟ್ಟಾದದ್ದು ಆ ವಾರವೇ. ಶಾಲೆಯ ಹೆಡ್‌ಮೇಷ್ಟರ ಬೂದುಬಣ್ಣದ ಪ್ಯಾಂಟು ಮಾರನೆಯ ದಿನಕ್ಕೆ ಬೇಕಿತ್ತು. ಹೊಸ ಮೆಷಿನ್ನಿನಲ್ಲಿ ದಾರ ಸಿಕ್ಕಿಕೊಂಡಿತು. ಅತ್ತೆ ಹಳೆಯದಕ್ಕೆ ಬೆಲ್ಟು ಹಾಕಿ ಒಂದು ಕಾಲು ಹೊಲಿದು, ಇನ್ನೊಂದನ್ನು ಸೂಜಿಯ ಕೆಳಗೆ ಇಟ್ಟಳು. ಆಗಲೇ ಬೀದಿಯಲ್ಲಿ ಯಾರೋ ಏಣಿ ಹೊತ್ತುಕೊಂಡು ಹೋದರು. ಏಣಿ ಹೋಗುವುದನ್ನು ಕಂಡು ಸುಮ್ಮನೆ ಕೂರಲು ಅತ್ತೆಯೇನು ಕಲ್ಲೇ? ಅವಳು ಅತ್ತ ಹೋದಳು, ಬುಗುರಿ ಇತ್ತ ಬಂದಳು, ಪ್ಯಾಂಟಿನ ಮೇಲೇ ಪುಸ್ತಕ ಇಟ್ಟು ಎಂದಿನಂತೆ ತುಳಿದಳು. ಪಾಠದಲ್ಲಿ ಮುಳುಗಿದ್ದವಳಿಗೆ ಸೂಜಿಯ ಟಕಟಕ ಕೇಳಿಸಲೇ ಇಲ್ಲ. ಅತ್ತೆ ವಾಪಸ್ ಬರುವಾಗ ಅವಳು ಓದಿ ಮುಗಿಸಿ ಮನೆಗೆ ಹೋಗಿಯಾಗಿತ್ತು, ಪುಸ್ತಕ ಎಳೆದುಕೊಂಡಾಗ ಅರ್ಧ ಹಾಳೆ ಮಾತ್ರ ಹರಿದು ಬಟ್ಟೆಯ ಮಡಿಕೆಯಲ್ಲಿ ಉಳಿದಿತ್ತು. ಅತ್ತೆ ಹೊಲಿಗೆಯಾಗಿರುವುದನ್ನು ಕಂಡು, ನಾನೇ ಮುಗಿಸಿದ್ದೇನೆ ಎಂದುಕೊಂಡಳು. ಇಂಥ ನಂಬಿಕೆ ಅವಳಿಗೆ ಸಲೀಸಾಗಿ ಬರುತ್ತಿತ್ತು. ಮಡಚಿ, ಇಸ್ತ್ರಿ ಹಾಕಿ, ಕಳಿಸಿಬಿಟ್ಟಳು.

ಮಾರನೆಯ ದಿನ ಹೆಡ್‌ಮೇಷ್ಟರು ಹೊಸ ಪ್ಯಾಂಟು ತೊಟ್ಟು ಶಾಲೆಯ ಮಕ್ಕಳೆಲ್ಲರ ಮುಂದೆ ಶಿಸ್ತಿನ ಬಗ್ಗೆ ಮಾತನಾಡಿದರು. ನಡೆದಾಗಲೆಲ್ಲ ಬಲಗಾಲಿನಿಂದ ಪರಪರ ಸದ್ದು. ಮೊಣಕಾಲಿನ ಬಳಿ ಮಣ್ಣಿನ ಸವಕಳಿಯ ಪಾಠದ ಅರ್ಧ ಪುಟ, ಎರೆಹುಳುವಿನ ಚಿತ್ರದ ಸಮೇತ, ಗಟ್ಟಿಯಾಗಿ ಹೊಲಿದುಕೊಂಡಿತ್ತು. ಮಕ್ಕಳು ನಕ್ಕ ನಗುವಿಗೆ ಮರದ ಮೇಲಿನ ಕಾಗೆಗಳು ಎದ್ದು ಹಾರಿದವು.

ಸಂಜೆ ಅವರು ಕೈಯಲ್ಲಿ ಪ್ಯಾಂಟು ಹಿಡಿದು, ಕೋಪ ಮೂಗಿನ ತುದಿಯಲ್ಲಿಟ್ಟುಕೊಂಡು ಅಂಗಡಿಗೆ ಬಂದರು. ಬಾಗಿಲಲ್ಲೇ ನಿಂತರು. ಕಿರ್ರ್ ಕಿರ್ರ್ ಎನ್ನುತ್ತ ಬುಗುರಿ ಓದುತ್ತಿದ್ದಳು. ಒಂದು ಸಾಲೂ ಓದಲಾರಳೆಂದು ಅವರೇ ಅವಳ ಅಪ್ಪನನ್ನು ಕರೆಸಿ ಹೇಳಿದ್ದರು. ಅವರು ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದರು. ಒಳ್ಳೆಯ ಮನುಷ್ಯ, ಪಾಪ, ತಪ್ಪು ಕಂಡರೆ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು ಅಷ್ಟೆ.

"ಇದನ್ನ ನಮ್ಮ ಕೌನ್ಸೆಲರ್ ಮೇಡಂ ನೋಡ್ಬೇಕು" ಎಂದರು. "ನೀವು ನಾಳೆ ಶಾಲೆಗೆ ಬನ್ನಿ. ಹಾಗೇ ಈ ಎರೆಹುಳ ಬಿಚ್ಚಿಕೊಡಿ."

ಶಾಲೆಗೆ ಆ ವರ್ಷವಷ್ಟೇ ಬಂದಿದ್ದ ಕೌನ್ಸೆಲರಮ್ಮ ಚಿಕ್ಕ ವಯಸ್ಸಿನವಳು, ಮೆಲುಮಾತಿನವಳು. ಮಕ್ಕಳ ಮನಸ್ಸಿನ ಗೋಳು ಕೇಳುವುದು ಅವಳ ಕೆಲಸ. ಅತ್ತೆ ಅವಳ ಜೊತೆ ಜಗಳವಾಡಲೆಂದೇ ಹೋದಳು. ನಮ್ಮ ಹುಡುಗಿಗೆ ಏನೂ ಆಗಿಲ್ಲ, ನನ್ನ ಮೆಷಿನ್ನು ಎಲ್ಲ ಸರಿಮಾಡಿದೆ, ನಿಮ್ಮ ಉಪದೇಶ ಬೇಡ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅಲ್ಲಿ ಹೋಗಿ ಕೂತದ್ದೇ ತಡ, ಮೇಜಿನ ಮೇಲಿದ್ದ ಕೌನ್ಸೆಲರಮ್ಮನ ಚೀಲ ಕಣ್ಣಿಗೆ ಬಿತ್ತು. ಅದರ ಜಿಪ್ಪು ಬಾಯಿ ಬಿಟ್ಟಿತ್ತು. ಜೋಡಿಸಿದ ಮಾತೆಲ್ಲ ಆ ಬಾಯಿಯೊಳಗೆ ಬಿದ್ದುಹೋಯಿತು.

"ಶುರು ಮಾಡಿದ ಕೆಲಸ ಅರ್ಧಕ್ಕೇ ಬಿಡೋದು ಇದೆಯಾ?" ಎಂದು ಕೌನ್ಸೆಲರಮ್ಮ ಕೇಳಿದಳು.

"ಇದೆ."

"ವಸ್ತುಗಳನ್ನ ಎಲ್ಲೋ ಇಟ್ಟು ಮರೆಯೋದು?"

"ದಿನಾ."

"ಎದುರಿಗಿರೋರು ಮಾತಾಡ್ತಿರುವಾಗ ಮನಸ್ಸು ಬೇರೆಲ್ಲೋ ಹೋಗಿಬಿಡೋದು?"

ಅತ್ತೆಯ ಕಣ್ಣು ಜಿಪ್ಪಿನ ಮೇಲೇ ಇತ್ತು. "ಅಮ್ಮಾ?"

"ಹಾಂ? ಏನಂದ್ರಿ?" ಎಂದು ಅತ್ತೆ ಬೆಚ್ಚಿದಳು. "ತಪ್ಪು ತಿಳ್ಕೋಬೇಡಿ, ಈ ಜಿಪ್ಪು... ಒಂದು ನಿಮಿಷ ಕೊಡ್ತೀರಾ?"

ಕೌನ್ಸೆಲರಮ್ಮ ಚೀಲ ಖಾಲಿ ಮಾಡಿ ಕೊಟ್ಟಳು. ಅತ್ತೆ ಜೇಬಿನಿಂದ ಸಣ್ಣ ಇಕ್ಕಳ ತೆಗೆದು ಜಿಪ್ಪಿನ ಹಲ್ಲುಗಳನ್ನು ಒಂದೊಂದಾಗಿ ಒತ್ತತೊಡಗಿದಳು. ಕೈಗೆ ಕೆಲಸ ಸಿಕ್ಕಿದ್ದೇ ಕಿವಿ ತೆರೆಯಿತು. ಕೌನ್ಸೆಲರಮ್ಮ ಹೇಳಿದ್ದೆಲ್ಲ ಕೇಳಿಸಿತು. ಇದು ಸೋಮಾರಿತನವಲ್ಲ, ಕೊಬ್ಬಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ಕೆಲವರ ಗಮನ ಹೀಗೆಯೇ ಹಾರಾಡುತ್ತದೆ, ಹುಟ್ಟಿನಿಂದಲೇ. ಮೈಗೆ ಚಲನೆ ಸಿಕ್ಕರೆ ತಲೆ ನಿಲ್ಲುತ್ತದೆ, ಆದ್ದರಿಂದ ಮೆಷಿನ್ನು ಒಳ್ಳೆಯದೇ. ಪಾಠವನ್ನು ಸಣ್ಣ ತುಂಡು ಮಾಡಿಕೊಡಬೇಕು, ಒಂದೊಂದು ತುಂಡಿಗೂ ಶಭಾಷ್ ಅನ್ನಬೇಕು, ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿಸಬೇಕು, ಡಾಕ್ಟರಿಗೂ ಒಮ್ಮೆ ತೋರಿಸಬೇಕು.

"ಆದ್ರೆ ಮೆಷಿನ್ನೊಂದೇ ಸಾಲಲ್ಲ ಅಮ್ಮ. ಅವಳಿಗೆ ತನ್ನ ಮೇಲೇ ಬೇಜಾರು ಬಂದಿದೆ. ಬೈಸಿಕೊಂಡು ಬೈಸಿಕೊಂಡು ಒಳಗೆ ಗಾಯ ಆಗಿದೆ. ನೀವು ಜನ ಕರೆದು ತೋರಿಸ್ತೀರಂತಲ್ಲ, ಆಗ ತನಗೆ ಸರ್ಕಸ್ಸಿನ ಕರಡಿ ಥರ ಅನ್ನಿಸುತ್ತಂತೆ. ಇವತ್ತು ಬೆಳಿಗ್ಗೆ ಕರೆದು ಮಾತಾಡಿಸಿದಾಗ ನನ್ನ ಹತ್ರ ಹೇಳಿ ಅತ್ತಳು."

ಅತ್ತೆಯ ಇಕ್ಕಳ ನಿಂತಿತು. ಮುಖಕ್ಕೆ ಹೊಡೆದಂತಾಯಿತು. ಆ ಕೆಂಪು ಕಿವಿ ನೆನಪಾಯಿತು, ಚಪ್ಪಾಳೆ ನೆನಪಾಯಿತು. ಇಷ್ಟು ದಿನ ಹುಡುಗಿಯನ್ನು ಉಳಿಸುತ್ತಿದ್ದೇನೆ ಎಂದುಕೊಂಡು ತಾನೇ ಅವಳನ್ನು ಮೆರವಣಿಗೆ ಮಾಡಿದ್ದಳು. ನಾಚಿಕೆಯಾಯಿತು, ದುಃಖವೂ ಆಯಿತು. "ಹಾಗಾದ್ರೆ ನಾನು ದಡ್ಡಿ ಅಲ್ವಾ?" ಎಂದು ಕೇಳಿಬಿಟ್ಟಳು. ಅವಳು ಕೇಳಬೇಕೆಂದಿದ್ದು ಹುಡುಗಿಯ ಬಗ್ಗೆ.

ಕೌನ್ಸೆಲರಮ್ಮ ನಗಲಿಲ್ಲ. "ಅಲ್ಲ" ಎಂದಳು. "ಜಿಪ್ಪು ಸರಿಮಾಡ್ತಾ ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡ್ರಲ್ಲ?"

ಅತ್ತೆ ಮೂಗು ಒರೆಸಿಕೊಂಡು ಜಿಪ್ಪನ್ನು ಎಳೆದು ತೋರಿಸಿದಳು. ಸರ್ರನೆ ಮುಚ್ಚಿತು. ಹೊರಡುವಾಗ ಕೌನ್ಸೆಲರಮ್ಮ ಒಂದು ಮಾತು ಹೇಳಿದಳು: "ಅವಳು ಪಾಠದ ಮಧ್ಯೆ ಎದ್ದು ಹೋದ್ರೆ ತಡೀಬೇಡಿ. ಎದ್ದು ಹೋಗೋದು ತಪ್ಪಲ್ಲ. ವಾಪಸ್ ಬರೋದನ್ನ ಅಭ್ಯಾಸ ಮಾಡ್ಸಿ, ಸಾಕು."

ಅಂದಿನಿಂದ ಅಂಗಡಿಯಲ್ಲಿ ಪ್ರದರ್ಶನ ಬಂದ್ ಆಯಿತು. ಬಾಯಿ ಮುಚ್ಚಿಕೊಂಡಿರುವುದು ಅತ್ತೆಗೆ ಕೋಟಿನ ಕಾಲರು ಕೂರಿಸುವುದಕ್ಕಿಂತ ಕಷ್ಟದ ಕೆಲಸ. ಗಿರಾಕಿ ಬಂದಾಗ ಹೊಗಳಿಕೆ ಉಕ್ಕಿ ಬಂದರೆ ತುಟಿಯ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡುಬಿಡುತ್ತಿದ್ದಳು. ಬುಗುರಿ ಎದ್ದು ಹೋಗುತ್ತಿದ್ದಳು, ಬೆಕ್ಕಿನ ಜೊತೆ ಒಂದು ಸುತ್ತು ಹಾಕುತ್ತಿದ್ದಳು, "ವಾಪಸ್ ಬಾ" ಎಂದರೆ ಬರುತ್ತಿದ್ದಳು. ಪಾಠ ಅರ್ಧ ಓದಿದರೆ ಅತ್ತೆ "ಅರ್ಧ ಆಯ್ತಲ್ಲೇ, ಭೇಷ್!" ಎನ್ನುತ್ತಿದ್ದಳು. ಅರ್ಧದ ಬೆಲೆ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಪ್ಪ ಅಮ್ಮ ಡಾಕ್ಟರಿಗೆ ತೋರಿಸಿದರು, ವಾರಕ್ಕೊಮ್ಮೆ ಬುಗುರಿ ಕೌನ್ಸೆಲರಮ್ಮನ ಹತ್ತಿರ ಮಾತನಾಡಿ ಬಂದಳು. ಹೊಟ್ಟೆನೋವು ಪೂರ್ತಿ ಹೋಗಲಿಲ್ಲ, ಆದರೆ ದಿನ ಬಿಟ್ಟು ದಿನ ರಜೆ ಹಾಕತೊಡಗಿತು. ಒಂದು ಮಧ್ಯಾಹ್ನ ಗುಂಡಿ ಡಬ್ಬಿ ಬೋರಲಾದ ಸದ್ದಿಗೆ ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಪರೀಕ್ಷೆ ಬಂತು. ಕೌನ್ಸೆಲರಮ್ಮ ಹೆಡ್‌ಮೇಷ್ಟರ ಹತ್ತಿರ ಹಟ ಹಿಡಿದು, ಆಟದ ಸಾಮಾನಿನ ಕೋಣೆಯಲ್ಲಿ ಬುಗುರಿ ಬೇರೆಯಾಗಿ ಬರೆಯಲು, ನಡುವೆ ಒಮ್ಮೆ ಎದ್ದು ಓಡಾಡಲು, ಮೆಷಿನ್ನಿನ ಮುಂದೆ ಕೂರಲು ಒಪ್ಪಿಗೆ ಪಡೆದಳು. ಹೆಡ್‌ಮೇಷ್ಟರದು ಒಂದೇ ಷರತ್ತು: ಪಕ್ಕದ ಕ್ಲಾಸಿನವರಿಗೆ ಸದ್ದಿನಿಂದ ತೊಂದರೆ ಆಗಬಾರದು.

ಹಿಂದಿನ ದಿನ ಅತ್ತೆ ಎಣ್ಣೆ ಡಬ್ಬಿ ಹಿಡಿದು ಮೆಷಿನ್ನಿನ ಕೆಳಗೆ ಮಲಗಿದಳು. ತುಳಿಯುವ ಹಲಗೆಯ ಎರಡೂ ಕೀಲು, ಸಲಾಕೆಯ ತುದಿ, ಚಕ್ರದ ಅಚ್ಚು, ಯಾವುದನ್ನೂ ಬಿಡಲಿಲ್ಲ. ಬೀದಿಯಲ್ಲಿ ಜಗಳವಾಯಿತು, ಏಳಲಿಲ್ಲ. ಬ್ಯಾಂಡಿನವರು ಹೋದರು, ಏಳಲಿಲ್ಲ. ಕೊನೆಗೆ ತುಳಿದು ನೋಡಿದರೆ ಚಕ್ರ ಉಸಿರೂ ಬಿಡದೆ ತಿರುಗಿತು. ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ಎದ್ದು ಹೋಗದೆ ಮುಗಿಸಿದ್ದಳು. ಮುಗಿಸಬಾರದಿದ್ದ ಕೆಲಸ ಅದೊಂದೇ.

ಬೆಳಿಗ್ಗೆ ತಮ್ಮ ಬೇಕರಿಯ ಕೈಗಾಡಿಯಲ್ಲಿ ಮೆಷಿನ್ನು ತಳ್ಳಿಕೊಂಡು ಬಂದು ಇಳಿಸಿ ಕೆಲಸಕ್ಕೆ ಹೋದ. ಬುಗುರಿ ಒಳಗೆ ಹೋದಳು. ಅತ್ತೆ ಮೊಗಸಾಲೆಯ ಬೆಂಚಿನ ಮೇಲೆ ಕೂತಳು. ಎದುರಿಗೆ ಆ ಗೋಡೆ, ಆ ಬೆನ್ನಿನ ಅಚ್ಚು. ಅದನ್ನು ನೋಡಲಾರದೆ ಬೇರೆ ಕಡೆ ತಿರುಗಿದಳು. ಎದ್ದು ಹೋಗಿ ಏನಾದರೂ ನೋಡಿ ಬರೋಣ ಎನ್ನಿಸಿತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬಹಳ ಹೊತ್ತಾಗಿರಲಿಲ್ಲ. ಕೋಣೆಯ ಬಾಗಿಲು ತೆರೆಯಿತು. ಬುಗುರಿ ಹೊರಗೆ ಬಂದಳು. ಮುಖ ಬಿಳಿಚಿತ್ತು, ಕೈಯಲ್ಲಿ ಪೆನ್ಸಿಲಿತ್ತು. ಅತ್ತೆಯ ಕಡೆ ನೋಡಲಿಲ್ಲ. ಮೊಗಸಾಲೆ ದಾಟಿದಳು, ಮೆಟ್ಟಿಲಿಳಿದಳು, ಅಂಗಳದಲ್ಲಿ ಸೀದಾ ಗೇಟಿನ ಕಡೆ ನಡೆದಳು. ಗೇಟು ತೆರೆದೇ ಇತ್ತು.

ಅತ್ತೆ ಬೆಂಚಿನ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅದೇ ಪೆನ್ಸಿಲು, ಅದೇ ಗೇಟು. ತಡೆಯಬೇಡಿ ಎಂದಿದ್ದರು. ಸರಿ, ಎದ್ದು ಹಿಂದೆ ಓಡಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಆದರೆ ಎಂದೋ ಒಬ್ಬ ಹುಡುಗಿ ಅಂಗಡಿಯ ಬಾಗಿಲು ನೋಡುತ್ತ ಕೂತು ಕಾದಿದ್ದ ಮಾತೊಂದು ಅವಳ ಎದೆಯಲ್ಲಿ ಇಷ್ಟು ವರ್ಷ ಹಾಗೇ ಇತ್ತು. ಅದು ಈಗ ಗಂಟಲು ಹರಿದುಕೊಂಡು ಹೊರಗೆ ಬಂತು.

"ಬುಗುರೀ! ವಾಪಸ್ ಬಾರೇ!"

ಇಡೀ ಶಾಲೆಯ ಪರೀಕ್ಷೆ ನಿಂತಿತು. ಕಿಟಕಿಗಳಲ್ಲಿ ತಲೆಗಳು ಮೂಡಿದವು. ಒಳಗೆ ಕಾವಲಿದ್ದ ಮೇಷ್ಟರು ಕನ್ನಡಕ ಸರಿಮಾಡಿಕೊಳ್ಳುತ್ತ ಓಡಿ ಬಂದರು, ಹೆಡ್‌ಮೇಷ್ಟರು ತಮ್ಮ ಕೋಣೆಯಿಂದ ಓಡಿ ಬಂದರು.

ಬುಗುರಿ ಗೇಟಿನ ಪಕ್ಕದ ನಲ್ಲಿಯ ಕೆಳಗೆ ಬೊಗಸೆ ಹಿಡಿದು ನೀರು ಕುಡಿಯುತ್ತಿದ್ದಳು. ಬಾಯಿ ಒರೆಸಿಕೊಂಡು ಬಂದಳು. "ಬರ್ತಿದ್ದೆನಲ್ಲ ಅತ್ತೆ! ಯಾಕೆ ಹಾಗೆ ಕಿರುಚ್ತೀಯ? ಮಾನ ಹೋಯ್ತು."

ಅತ್ತೆ ಗಳಗಳ ಅಳುತ್ತಿದ್ದಳು. "ನೀನು ಹೋಗಿಬಿಟ್ಟೆ ಅಂದ್ಕೊಂಡೆ ಕಣೇ."

"ಹೋಗಲ್ಲ. ಆದ್ರೆ ನೀನು ಎಣ್ಣೆ ಯಾಕೆ ಹಾಕ್ದೆ? ಅದು ಕಿರ್ರ್ ಅನ್ನಲ್ಲ. ಕಿರ್ರ್ ಅನ್ನದಿದ್ರೆ ಓದಿದ್ದು ತಲೇಲಿ ನಿಲ್ಲಲ್ಲ. ಮೊದಲ್ನೇ ಪ್ರಶ್ನೆನೇ ಎಷ್ಟು ಸಲ ಓದ್ದೆ ಗೊತ್ತಾ?" ಹೀಗೆಂದವಳು ಹೆಡ್‌ಮೇಷ್ಟರ ಕಡೆ ತಿರುಗಿದಳು. ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೇಳಿದಳು: "ಸರ್, ನಂಗೆ ಸದ್ದು ಬೇಕು. ಬಾಗಿಲು ಮುಚ್ಕೋತೀನಿ. ಸ್ವಲ್ಪಾನೇ ಸದ್ದು ಬರುತ್ತೆ."

ಬೇಕೆಂದು ಕೇಳುವುದು. ಇದೊಂದು ದಾರಿಯಿದೆ ಎಂದು ಅತ್ತೆಗೆ ಆ ವಯಸ್ಸಿನಲ್ಲಿ ಹೊಳೆದಿರಲೇ ಇಲ್ಲ. ಅವಳು ಅಳುವುದನ್ನು ಅರ್ಧಕ್ಕೇ ಬಿಟ್ಟು ಹುಡುಗಿಯನ್ನು ನೋಡಿದಳು.

ಹೆಡ್‌ಮೇಷ್ಟರು ತಮ್ಮ ಬಲ ಮೊಣಕಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. "ಈಗ ನಿಮ್ಮತ್ತೆ ಮಾಡಿದ್ದಕ್ಕಿಂತ ದೊಡ್ಡ ಸದ್ದು ಆ ಮೆಷಿನ್ನಿಂದ ಬರೋಕೆ ಸಾಧ್ಯವಿಲ್ಲ" ಎಂದರು. "ಕಿರ್ರ್ ಅನ್ನಿಸಿ."

ಅನ್ನಿಸುವುದು ಹೇಗೆ? ಅತ್ತೆ ಜೇಬು ತಡಕಾಡಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಗಳು ಸಿಕ್ಕವು. ಕೋಣೆಗೆ ಹೋಗಿ, ಚಿಂದಿಯಿಂದ ಎಣ್ಣೆ ಒರೆಸಿ, ಬಿಲ್ಲೆಗಳನ್ನು ಹಿಮ್ಮಡಿಯಲ್ಲಿ ಅರೆದು ಪುಡಿ ಮಾಡಿ, ಆ ಪುಡಿಯನ್ನು ತನ್ನ ಕೈಯಾರೆ ಕೀಲುಗಳಿಗೆ ತುರುಕಿದಳು. ಮೆಷಿನ್ನಿನ ಕೀಲಿಗೆ ಪುಡಿ ಹಾಕುವ ದರ್ಜಿ ಲೋಕದಲ್ಲಿ ಇನ್ನೊಬ್ಬಳಿರಲಾರಳು. ಮುದುಕ ಕೊಟ್ಟು ಹೋಗಿದ್ದ ಮೆಷಿನ್ನು ಅದು, ಅವಳು ಮೊದಲು ತುಳಿದದ್ದು. ಬುಗುರಿ ತುಳಿದಳು. ಏನಿಲ್ಲ. ಮತ್ತೆ ತುಳಿದಳು.

ಕಿರ್ರ್.

ಅತ್ತೆ ಹೊರಗೆ ಬಂದು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕಿರ್ರ್ ಕಿರ್ರ್. ನಡುವೆ ಒಮ್ಮೆ ಸದ್ದು ನಿಂತಿತು, ಅತ್ತೆ ಬಾಗಿಲಿಗೆ ಕಿವಿ ಕೊಟ್ಟಳು. ಕೋಣೆಯೊಳಗೆ ಹೆಜ್ಜೆ ಅತ್ತ ಹೋಯಿತು, ಇತ್ತ ಬಂತು, ಚೆಂಡೊಂದು ಗೋಡೆಗೆ ಬಡಿಯಿತು. ಮತ್ತೆ ಕಿರ್ರ್. ಅತ್ತೆ ಎಲ್ಲಿಗೂ ಎದ್ದು ಹೋಗಲಿಲ್ಲ. ಅಂಗಳದಲ್ಲಿ ಏಣಿ ಹೊತ್ತವರು ಇಬ್ಬರು ಹೋದರೂ ಹೋಗಲಿಲ್ಲ.

ಗಂಟೆ ಹೊಡೆದಾಗ ಬುಗುರಿ ಬಂದಳು, ಬೆರಳೆಲ್ಲ ಸೀಮೆಸುಣ್ಣ.

"ಎಲ್ಲಾ ಬರೆದ್ಯಾ?"

"ಕೊನೇದು ಅರ್ಧ ಆಯ್ತು."

"ಅರ್ಧ ಆಯ್ತಲ್ಲೇ, ಭೇಷ್!" ಎಂದಳು ಅತ್ತೆ, ಇಬ್ಬರೂ ನಕ್ಕರು.

ಬುಗುರಿ ಪಾಸಾದಳು. ಎಷ್ಟು ಮಾರ್ಕು ಎಂದು ಅತ್ತೆಯನ್ನು ಕೇಳಿದವರಿಗೆ ಗುಂಡುಸೂಜಿ ಕಚ್ಚಿದ ಬಾಯಿ ಮಾತ್ರ ಕಂಡಿತು. ಫಲಿತಾಂಶ ಬಂದ ಸಂಜೆ ಹಳೆಯ ಮೆಷಿನ್ನು ಮತ್ತೆ ಕಿಟಕಿಯ ಪಕ್ಕ ಇತ್ತು, ಬುಗುರಿ ಅದರ ಮುಂದೆ ಯಾವುದೋ ಕಥೆಪುಸ್ತಕ ಇಟ್ಟುಕೊಂಡು ತುಳಿಯುತ್ತಿದ್ದಳು. ಅತ್ತೆ ಹೊಸದರಲ್ಲಿ ಒಂದು ಅಂಗಿಗೆ ಎಡತೋಳು ಕೂಡಿಸಿ ಮುಗಿಸಿದಳು. ಪರದೆಯ ಕೆಳಗೆ ಇಬ್ಬರೂ ಬಲ್ಲ ಎರಡು ಕಾಲುಗಳು ಅಂಗಿಗಾಗಿ ಕಾಯುತ್ತ ನಿಂತಿದ್ದವು, ಹೆಡ್‌ಮೇಷ್ಟರದು. ಅತ್ತೆ ಬಲತೋಳಿಗೆ ಕೈ ಹಾಕಿದಳು. ಆಗಲೇ ಎದುರುಮನೆಯವರು ಹೊಸ ಗಡಿಯಾರವೊಂದನ್ನು ಗೋಡೆಗೆ ತಗುಲಿಸುತ್ತಿರುವುದು ಕಂಡಿತು.

ಅವಳು ಬೀದಿ ದಾಟಿ, ಗಡಿಯಾರ ಸೊಟ್ಟಗಿದೆ ಎಂದು ಹೇಳಿ, ಮೊಳೆ ಇನ್ನೂ ಮೇಲಕ್ಕೆ ಇರಬೇಕಿತ್ತು ಎಂದು ವಿವರಿಸುತ್ತಿರುವಾಗ ಬೆನ್ನ ಹಿಂದಿನಿಂದ ಒಂದು ದನಿ ಬಂತು, ಬೀದಿಗೆಲ್ಲ ಕೇಳುವಂತೆ.

"ಅತ್ತೇ! ಬಲತೋಳು ಬಾಕಿ ಇದೆ! ವಾಪಸ್ ಬಾ!"

ಅತ್ತೆ ನಿಂತಲ್ಲೇ ನಿಂತಳು. ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಬೈದಿದ್ದರು, ನಕ್ಕಿದ್ದರು, ಹೋದರೆ ಹೋಗಲಿ ಎಂದು ಬಿಟ್ಟಿದ್ದರು. ತಿರುಗಿ ನೋಡಿದರೆ ಬುಗುರಿ ಕಿಟಕಿಯಲ್ಲಿ ಬಲತೋಳನ್ನು ಬಾವುಟದಂತೆ ಬೀಸುತ್ತಿದ್ದಳು.

"ಬಂದೇ" ಎಂದಳು ಅತ್ತೆ. ಕಣ್ಣೊರೆಸಿಕೊಂಡು ಬೀದಿ ದಾಟಿ ಬಂದು ಕೂತಳು, ಬಲತೋಳು ಹೊಲಿದಳು.

ಕಾಲರು ಮಾತ್ರ ಮರೆತಳು.